ಪಾಟಿಯ ಹಿಂದಿನ ಬಾಯಿ

ಇಳಕಲ್ಲಿನ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡಿದವರನ್ನು ನಾನು ಕಂಡಿಲ್ಲ. ತಲೆಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ಮುಕ್ಕಾಲು ಪಾಲು ಅಪ್ಪನ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಮುಂಜಾನೆ ಸೀರೆ ನೇಯಲು ಶುರುಮಾಡಿದನೆಂದರೆ ದೀಪ ಹಚ್ಚುವ ಹೊತ್ತಾದರೂ ಮಗ್ಗದ ಸದ್ದು ನಿಲ್ಲುತ್ತಿರಲಿಲ್ಲ. ಎಡಮನೆಯಲ್ಲೂ ಮಗ್ಗ, ಬಲಮನೆಯಲ್ಲೂ ಮಗ್ಗ. ನಮ್ಮ ಓಣಿಯ ಕೂಸುಗಳು ಸದ್ದಿಗೆ ಏಳುತ್ತಿರಲಿಲ್ಲ, ಸದ್ದು ನಿಂತರೆ ಎದ್ದು ಅಳುತ್ತಿದ್ದವು. ಬೀಗರು ಬಂದರೆ ನಾವೆಲ್ಲ ಜಗಳ ತೆಗೆದಿದ್ದೇವೆಂದು ತಿಳಿದು ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ಕೂಗಲು ಬೇಸರವಾದಾಗ ಕೈಸನ್ನೆ. ಅಪ್ಪ ಹೆಬ್ಬೆರಳನ್ನು ತುಟಿಗೆ ತಂದರೆ ನೀರು ಬೇಕು, ತೋರುಬೆರಳನ್ನು ಗಾಳಿಯಲ್ಲಿ ತಿರುಗಿಸಿದರೆ ನೂಲು ಸುತ್ತಿದ ಕಂಡಿಕೆ ಬೇಕು. ಯಾರನ್ನೂ ಬೆನ್ನ ಹಿಂದಿನಿಂದ ಕರೆಯುವ ರೂಢಿ ನಮ್ಮಲ್ಲಿ ಇರಲೇ ಇಲ್ಲ. ಎದುರಿಗೆ ಬಂದು ನಿಂತು, ಮುಖ ನೋಡಿ, ಬಾಯಿ ದೊಡ್ಡದಾಗಿ ತೆರೆದು ಹೇಳಬೇಕು. ಇಂಥ ಮನೆಯಲ್ಲಿ ಯಾರಿಗೆ ಕಿವಿ ಕೇಳುತ್ತದೆ, ಯಾರಿಗೆ ಕೇಳುವುದಿಲ್ಲ ಎಂಬುದು ಸುಲಭಕ್ಕೆ ಗೊತ್ತಾಗುವ ಸಂಗತಿಯಲ್ಲ. ಇದನ್ನು ನನ್ನ ತಪ್ಪಿಗೆ ನೆಪವಾಗಿ ಹೇಳುತ್ತಿಲ್ಲ. ಮನೆ ಹಾಗಿತ್ತು, ಅಷ್ಟೆ.

ಅವ್ವ ಈ ಮನೆಗೆ ಸೊಸೆಯಾಗಿ ಬರುವಾಗಲೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ನೇಕಾರರ ಮನೆಗೆ ಓದಿದ ಸೊಸೆ ಯಾತಕ್ಕೆಂದು ಓಣಿಯವರು ಆಡಿಕೊಂಡರಂತೆ. ಅಪ್ಪ ಯಾರಿಗೂ ಜವಾಬು ಕೊಡದೆ ಅವಳನ್ನು ಬಾಗಲಕೋಟೆಗೆ ಟ್ರೇನಿಂಗಿಗೆ ಕಳಿಸಿದ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ನಮ್ಮ ಓಣಿಯ ಸಮೀಪದ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುವ ಅಕ್ಕೋರು. ಆಗಿನ ಕಾಲಕ್ಕೆ ಅಕ್ಷರ ಕಲಿಸುವುದೆಂದರೆ ಬಾಯಿಪಾಠ. ಐವತ್ತು ಮಕ್ಕಳು ಒಂದೇ ರಾಗದಲ್ಲಿ ಅ ಆ ಇ ಈ ಎಂದು ಗೋಡೆ ಬಿರಿಯುವಂತೆ ಕೂಗುವುದು, ಆಮೇಲೆ ಕಾಗುಣಿತ ಕೂಗುವುದು. ನಡುವಿನ ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರೆ, ಮೊದಲಿನಿಂದ ಹಾಡುತ್ತ ಬಂದರೆ ಮಾತ್ರ ಉತ್ತರ. ಅವ್ವನಿಗೆ ಈ ಗಿಳಿಪಾಠ ಕಂಡರಾಗುತ್ತಿರಲಿಲ್ಲ. ಟ್ರೇನಿಂಗಿನಲ್ಲಿ ಒಬ್ಬ ಹಳೆಯ ಮಾಸ್ತರರು ತೋರಿಸಿಕೊಟ್ಟ ಬೇರೆ ಹಾದಿಯನ್ನು ಅವಳು ಹಿಡಿದಿದ್ದಳು. ಮೊದಲು ಸದ್ದು, ಆಮೇಲೆ ಅಕ್ಷರ. ರ, ಗ, ಸ ಎಂಬ ಮೂರೇ ಸದ್ದು ಕೊಟ್ಟು, ಬಿಡಿಬಿಡಿಯಾಗಿ ಹೇಳಿ, ಕೂಡಿಸಿ ಹೇಳಿಸಿ, ಸರ, ರಸ, ಗರಗಸ ಎಂದು ಮಕ್ಕಳೇ ಓದುವಂತೆ ಮಾಡುತ್ತಿದ್ದಳು. ಶಾಲೆಗೆ ಸೇರಿ ತಿಂಗಳು ತುಂಬದ ಮಗು ಅಂಗಡಿಯ ಬೋರ್ಡಿನಲ್ಲಿ ‘ಸರ’ ಎಂದಿದ್ದುದನ್ನು ಓದಿದಾಗ ಅದರ ಅಪ್ಪ ಅವ್ವ ಬೆಲ್ಲ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು.

“ಅಕ್ಕೋರ ಕೈಯಾಗ ಕಲ್ಲು ಕೊಟ್ರ ಕಲ್ಲೂ ಓದತೈತಿ ನೋಡ್ರಿ.”

ಇಳಕಲ್ಲಿನಲ್ಲಿ ಕಲ್ಲಿಗೇನೂ ಬರವಿಲ್ಲ, ಹೀಗಾಗಿ ಈ ಮಾತನ್ನು ನಾವು ದಿನಕ್ಕೆರಡು ಸಲ ಕೇಳುತ್ತಿದ್ದೆವು.

ಅವ್ವನ ಪಾಠದಲ್ಲಿ ಒಂದು ಕಟ್ಟುನಿಟ್ಟಿತ್ತು. ಪರೀಕ್ಷೆ ಮಾಡುವಾಗ ಅವಳು ಮಕ್ಕಳು ಬಳಪದಿಂದ ಬರೆಯುವ ಪಾಟಿಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮೂಗಿನಿಂದ ಗದ್ದದವರೆಗೆ ಕರಿ ಪಾಟಿ, ಅದರ ಮೇಲೆ ಎರಡು ಕಣ್ಣು. ಮಕ್ಕಳ ಮುಂದೆ ಅಕ್ಷರ ಬರೆದ ರಟ್ಟಿನ ತುಂಡುಗಳು ಹರಡಿರುತ್ತಿದ್ದವು. ಸೀರೆ ಮಡಿಸಿಡುವ ರಟ್ಟನ್ನು ಕತ್ತರಿಸಿ ಅವಳೇ ಮಾಡಿದವು. ಪಾಟಿಯ ಹಿಂದಿನಿಂದ ಒಂದು ಸದ್ದು ಬಂತೆಂದರೆ ಮಗು ಆ ಅಕ್ಷರದ ಮೇಲೆ ಬೆರಳಿಡಬೇಕು. ಪಾಟಿ ಯಾಕೆಂದು ಒಮ್ಮೆ ಕೇಳಿದ್ದೆ.

“ಹುಡುಗ್ರು ಭಾಳ ಶ್ಯಾಣ್ಯಾರಿರ್ತಾರವಾ. ತುಟಿ ನೋಡಿ ಹೇಳಿಬಿಡ್ತಾರ. ಕಿವೀಲೆ ಕೇಳಿ ಕಲತದ್ದು ಸಾಯೂತನಾ ಉಳೀತೈತಿ. ಕಣ್ಣೀಲೆ ಕದ್ದದ್ದು ಉಳ್ಯಾಂಗಿಲ್ಲ.”

ನನ್ನ ತಂಗಿ ನೀಲಾ ನನಗಿಂತ ಮೂರು ವರ್ಷಕ್ಕೆ ಸಣ್ಣವಳು. ನಾಲ್ಕು ವರ್ಷದವಳಿದ್ದಾಗ ಅವಳಿಗೆ ಜೋರು ಜ್ವರ ಬಂದು, ಆಮೇಲಿಂದ ಕಿವಿ ಸೋರುತ್ತಿತ್ತು. ಆ ಓಣಿಯಲ್ಲಿ ಮಕ್ಕಳ ಕಿವಿ ಸೋರುವುದು ಮೂಗು ಸೋರಿದಷ್ಟೇ ದೊಡ್ಡ ಸುದ್ದಿ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ಎರಡು ಹನಿ ಬಿಟ್ಟು, ಅರಳೆ ತುರುಕಿ, ಶಾಲೆಗೆ ಕಳಿಸುವುದು. ನೀಲಾ ಗಟ್ಟಿಯಾಗಿ ಮಾತಾಡುತ್ತಿದ್ದಳು, ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ನಾವೆಲ್ಲರೂ ಗಟ್ಟಿಯಾಗಿಯೇ ಮಾತಾಡುವವರು. ಎದುರಿಗೆ ನಿಂತು ಹೇಳಿದ ಕೆಲಸವನ್ನು ಚೊಕ್ಕ ಮಾಡುತ್ತಿದ್ದಳು. ಅಪ್ಪನ ಕೈಸನ್ನೆಯಂತೂ ನನಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಅಪ್ಪ ಅವಳನ್ನು ‘ಚೂಟಿ’ ಎಂದು ಕರೆಯುತ್ತಿದ್ದ. ಅಂಥ ಚೂಟಿ ಹುಡುಗಿ ಅವ್ವನ ಇಯತ್ತೆಗೆ ಬಂದು ಕೂತ ಮೇಲೆ ದಡ್ಡಿಯಾದಳು. ಅಕ್ಷರದ ರೂಪ ಅವಳಿಗೆ ಒಂದೇ ನೋಟಕ್ಕೆ ಹಿಡಿಯುತ್ತಿತ್ತು, ಪಾಟಿಯ ಮೇಲೆ ಮುತ್ತಿನಂತೆ ತಿದ್ದುತ್ತಿದ್ದಳು. ಅವ್ವ ಪಾಟಿಯಿಂದ ಬಾಯಿ ಮುಚ್ಚಿಕೊಂಡ ಕೂಡಲೇ ಎಲ್ಲ ಕಲಸಿಹೋಗುತ್ತಿತ್ತು. ಕ ಎಂದರೆ ಸ ತೋರಿಸುವುದು, ಸ ಎಂದರೆ ಸುಮ್ಮನೆ ಕೂತುಬಿಡುವುದು. ಊರ ಮಕ್ಕಳೆಲ್ಲ ಓದಲು ಕಲಿತರು, ಅಕ್ಕೋರ ಮಗಳು ಕಲಿಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಒಬ್ಬಳು ನೆರೆಯವಳು ಬಾವಿಕಟ್ಟೆಯ ಮೇಲೆ ಅಂದದ್ದು ಅವ್ವನ ಕಿವಿಗೆ ಬಿತ್ತು. ಆ ದಿನದಿಂದ ಮನೆಯಲ್ಲೂ ಪಾಠ ಶುರುವಾಯಿತು.

ದಿನಾ ದೀಪ ಹಚ್ಚಿದ ಮೇಲೆ ಅಡುಗೆಮನೆಯಲ್ಲಿ ನೀಲಾಳನ್ನು ಎದುರಿಗೆ ಕೂರಿಸಿಕೊಂಡು ಅವ್ವ ರಟ್ಟುಗಳನ್ನು ಹರಡುತ್ತಿದ್ದಳು. ಒಲೆಯ ಪಕ್ಕದಲ್ಲಿ ರೊಟ್ಟಿಯ ಬುಟ್ಟಿ, ಪುಂಡಿಪಲ್ಯದ ಗಡಿಗೆ, ಶೇಂಗಾಹಿಂಡಿಯ ಡಬ್ಬಿ. ಕಾಯ್ದೆ ಒಂದೇ. ನೀಲಾ ಹತ್ತು ಅಕ್ಷರ ಸರಿಯಾಗಿ ತೋರಿಸಿದ ಮೇಲೆ ಎಲ್ಲರಿಗೂ ಊಟ. ಒಂದು ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ. ತಪ್ಪಿಗೊಂದು ಏಟು, ಅಂಗೈಯ ಮೇಲೆ, ನೂಲು ಸುತ್ತುವ ಬಿದಿರು ಕಡ್ಡಿಯಿಂದ. ಮಗ್ಗದ ಸದ್ದಿನ ಮೇಲೆ ಕೇಳುವಂತೆ ಅವ್ವ ಪಾಟಿಯ ಹಿಂದಿನಿಂದ ಗಂಟಲು ಹರಿದುಕೊಂಡು ಅಕ್ಷರ ಹೇಳುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ, ಬಾಗಿಲ ಹತ್ತಿರ ರಾಟಿ ಇಟ್ಟುಕೊಂಡು ಅಪ್ಪನ ನಾಳೆಯ ಕಂಡಿಕೆ ಸುತ್ತುತ್ತಿದ್ದೆ. ನೀಲಾಳ ಮುಖ ನನಗೆ ಕಾಣುತ್ತಿತ್ತು, ನನ್ನದು ಅವಳಿಗೆ. ಮೊದಲ ವಾರ ಅವಳ ಅಂಗೈ ಬಾತು ರೊಟ್ಟಿ ಮುರಿಯಲಾಗದೆ ಅಪ್ಪ ತುತ್ತು ಮಾಡಿ ತಿನ್ನಿಸಿದ. ಎರಡನೆಯ ವಾರ ಒಂದು ಸಂಜೆ ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಅವ್ವನ ಹೆಗಲ ಮೇಲಿನಿಂದ ನನ್ನತ್ತ ನೋಡಿದಳು. ಅವ್ವ ಹೇಳಿದ್ದು ಗ. ನಾನು ಸದ್ದಿಲ್ಲದೆ ತುಟಿ ಆಡಿಸಿ, ಗದ್ದ ಮುಟ್ಟಿಕೊಂಡೆ. ನೀಲಾಳ ಬೆರಳು ಗ ಮೇಲೆ ಹೋಗಿ ಕೂತಿತು.

ಕರುಣೆಯಿಂದ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕರುಣೆಯೂ ಇತ್ತು, ಸುಳ್ಳಲ್ಲ. ಆದರೆ ನನಗೆ ಹಸಿವೂ ಇತ್ತು. ಆರಿ ಬೆಂಡಾಗುವ ಮೊದಲು ರೊಟ್ಟಿ ನನ್ನ ತಾಟಿಗೆ ಬೀಳಬೇಕಿತ್ತು. ನಾಲ್ಕೇ ದಿನದಲ್ಲಿ ನಾವಿಬ್ಬರೂ ಒಂದು ಪೂರಾ ಭಾಷೆ ಕಟ್ಟಿಕೊಂಡೆವು. ತುಟಿಯಾಟದಲ್ಲಿ ಪ, ಬ, ಮ ಮೂರೂ ಒಂದೇ ಥರ ಕಾಣುತ್ತವೆಂದು ನೀಲಾಳೇ ನನಗೆ ಹೇಳಿದಳು. ಅದಕ್ಕೆ ಪ ಎಂದರೆ ಪಾದ ಮುಟ್ಟುವುದು, ಬ ಎಂದರೆ ಬಳೆ, ಮ ಎಂದರೆ ಮೂಗು. ಕ ಎಂದರೆ ಕಿವಿ. ದಿನಕ್ಕೆ ಹತ್ತು ಸಲ ಕಿವಿ ಮುಟ್ಟಿಕೊಂಡು ತೋರಿಸುತ್ತಿದ್ದೆ, ಆದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರಾ ಖರೆಯಲ್ಲ. ಆಟಕ್ಕೆ ಕರೆಯಬೇಕಾದರೆ ನಾನು ಅವಳ ಹೆಸರು ಕೂಗುತ್ತಿರಲಿಲ್ಲ, ನೆಲಕ್ಕೆ ಕಾಲಿಂದ ಒದೆಯುತ್ತಿದ್ದೆ. ಯಾಕೆ ಹಾಗೆ ಮಾಡುತ್ತೇನೆಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಕಿವುಡಿ ಎಂಬುದು ನಮ್ಮ ಓಣಿಯಲ್ಲಿ ಜಗಳದಲ್ಲಿ ಬಯ್ಯುವ ಮಾತು. ಅದನ್ನು ನನ್ನ ತಂಗಿಯ ಪಕ್ಕ ಇಟ್ಟು ನೋಡಲು ನಾನು ತಯಾರಿರಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಬಿಡಿ ಅಕ್ಷರ ಹೋಗಿ ಕಾಗುಣಿತ ಬಂತು, ಆಮೇಲೆ ಎರಡಕ್ಷರದ ಶಬ್ದ. ನಮ್ಮ ಸನ್ನೆಗಳೂ ಬೆಳೆದವು. ನೀಲಾ ಎರಡನೆಯ ಇಯತ್ತೆಗೆ ಹೋದಳು. ಅಲ್ಲಿ ಪಕ್ಕದ ಹುಡುಗಿಯ ಪಾಟಿ ನೋಡಿ ಬರೆದು ಹೇಗೋ ದಿನ ತಳ್ಳುತ್ತಿದ್ದಳು. ಅವ್ವನ ಮುಖಕ್ಕೆ ಕಳೆ ಬಂದಿತ್ತು. ತನ್ನ ಪದ್ಧತಿ ಸೋಲಲಿಲ್ಲ, ಹುಡುಗಿಗೆ ವೇಳೆ ಬೇಕಾಗಿತ್ತು ಎಂದು ಶಾಲೆಯಲ್ಲೂ ಮನೆಯಲ್ಲೂ ಹೇಳುತ್ತಿದ್ದಳು. ಈ ನಡುವೆ ನೀಲಾಳ ಕಿವಿಯ ಅರಳೆಯ ವಾಸನೆ ಬದಲಾದದ್ದು, ನಿದ್ದೆಯಲ್ಲಿ ಅವಳು ಎಡಗಿವಿ ಒತ್ತಿ ಹಿಡಿದು ಮಲಗುತ್ತಿದ್ದದ್ದು ನನಗೆ ಗೊತ್ತಿತ್ತು, ಒಂದೇ ಕೌದಿಯೊಳಗೆ ಮಲಗುವವರು ನಾವು. ಅವ್ವ ಎಣ್ಣೆಯ ಹನಿ ಎರಡಿದ್ದುದನ್ನು ಮೂರು ಮಾಡಿದಳು.

ನಾನು ಹನ್ನೊಂದು ದಾಟಿದ್ದೆ, ನೀಲಾಳಿಗೆ ಎಂಟು ನಡೆದಿತ್ತು. ಮಕ್ಕಳಿಗೆ ಬೇಗ ಶಾಲೆ ಬಿಟ್ಟ ಒಂದು ಮಧ್ಯಾಹ್ನ ನಾನು ಕಂಡಿಕೆ ಸುತ್ತುವುದು ಬಿಟ್ಟು ಓಣಿಯ ಹುಡುಗಿಯರ ಜೊತೆ ಗಜ್ಜುಗ ಆಡುತ್ತಿದ್ದೆ. ಅಪ್ಪನಿಗೆ ಕಂಡಿಕೆ ಸಾಲದೆ ಮಗ್ಗ ನಿಂತಿತು. ಅಕ್ಕ ಎಲ್ಲಿ ಎಂದು ಅಪ್ಪ ಕೈಸನ್ನೆಯಲ್ಲಿ ಕೇಳಿದರೆ ನೀಲಾ ಇದ್ದದ್ದನ್ನು ಇದ್ದ ಹಾಗೆ ಅವಳ ದೊಡ್ಡ ದನಿಯಲ್ಲಿ ಹೇಳಿಬಿಟ್ಟಳು. ಶಾಲೆ ಬಿಟ್ಟು ಬಂದ ಅವ್ವ ನನ್ನ ಗಜ್ಜುಗಗಳನ್ನೆಲ್ಲ ಒಲೆಗೆ ಹಾಕಿದಳು. ಎರಡು ಬೇಸಿಗೆ ಕೂಡಿಸಿದ ಗಜ್ಜುಗ. ನಾನು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಸಂಜೆಗೆ ಕಾಯ್ದೆ.

ಆ ಸಂಜೆ ಅವ್ವ ಪಾಟಿ ಎತ್ತಿ ಬಾಯಿಗೆ ಹಿಡಿದಳು. ಮೊದಲ ಶಬ್ದ ‘ಮರ’. ನೀಲಾ ಎಂದಿನಂತೆ ನನ್ನತ್ತ ನೋಡಿದಳು. ನಾನು ರಾಟಿಯತ್ತ ನೋಡಿದೆ. ತಲೆ ಎತ್ತದೆ ನೂಲು ಸುತ್ತಿದೆ. ಒಂದು ದಿನ ಗೊತ್ತಾಗಲಿ ಅವಳಿಗೆ, ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಎರಡನೆಯ ಸಲ ಅವ್ವ ಹೇಳಿದಳು, ಮೂರನೆಯ ಸಲ ಕಿರುಚಿದಳು. ನೀಲಾ ಅಂದಾಜಿಗೆ ಒಂದು ರಟ್ಟಿನ ಮೇಲೆ ಬೆರಳಿಟ್ಟಳು. ತಪ್ಪು. ಇನ್ನೊಂದರ ಮೇಲೆ. ತಪ್ಪು. ಅವ್ವ ಶಬ್ದ ಬದಲಿಸಿದಳು, ಹಿಂದಿನ ವರ್ಷದ ಬಿಡಿ ಅಕ್ಷರಕ್ಕೆ ಇಳಿದಳು. ಅದೂ ತಪ್ಪು.

“ನಿನ್ನಿ ಬಂದದ್ದು ಇವತ್ತ ಹೆಂಗ ಹೋತು? ಹಟ ಮಾಡ್ತಿ? ನನ್ನ ಮುಂದ ಹಟ ಮಾಡ್ತಿ?”

ಅವ್ವ ಅಂಗೈಗೆ ಕಡ್ಡಿಯಿಂದ ಹೊಡೆದದ್ದನ್ನು ನಾನು ನೂರು ಸಲ ನೋಡಿದ್ದೆ. ಕೈಯೆತ್ತಿ ಕಪಾಳಕ್ಕೆ ಹೊಡೆದದ್ದನ್ನು ಅಂದೇ ನೋಡಿದ್ದು. ಏಟು ಎಡಗಿವಿಯ ಮೇಲೆ ಬಿತ್ತು. ನೀಲಾ ಕೂಗಿದ ಕೂಗಿಗೆ ಪಡಸಾಲೆಯಲ್ಲಿ ಮಗ್ಗ ನಿಂತಿತು. ಅರಳೆ ಹೊರಗೆ ಬಿದ್ದು, ಕೀವಿನ ಜೊತೆ ರಕ್ತ ಕೊರಳಿಗಿಳಿಯುತ್ತಿತ್ತು. ಅವಳು ಎದ್ದು ಹೋಗಿ ಗೋಡೆಗೆ ಮುಖ ಹಚ್ಚಿ ನಿಂತಳು. ಅಳು ನಿಂತಿತ್ತು. ನೆರೆಮನೆಗಳ ಮಗ್ಗಗಳು ಆಗಲೇ ನಿಂತಿದ್ದರಿಂದ ಒಲೆಯಲ್ಲಿ ಕಟ್ಟಿಗೆ ಚಟಪಟ ಎನ್ನುವುದೂ ಕೇಳುತ್ತಿತ್ತು. ಅಪ್ಪ ಬಾಗಿಲಲ್ಲಿ ಬಂದು ನಿಂತು, ಅವಳ ಬೆನ್ನು ನೋಡುತ್ತ ಮೆತ್ತಗೆ ಕರೆದ.

“ಚೂಟಿ.”

ಅವಳು ತಿರುಗಲಿಲ್ಲ. ಸಿಟ್ಟಿದ್ದಾಳೆಂದು ಅಪ್ಪ ಸ್ವಲ್ಪ ತಡೆದು ಮತ್ತೆ ಕರೆದ, ಈಗ ಗಟ್ಟಿಯಾಗಿ. ಆಮೇಲೆ ಚಪ್ಪಾಳೆ ತಟ್ಟಿದ. ನಮ್ಮ ಮನೆಯಲ್ಲಿ ಯಾರಾದರೂ ಯಾರನ್ನಾದರೂ ಬೆನ್ನ ಹಿಂದಿನಿಂದ ಕರೆದದ್ದು ಅದೇ ಮೊದಲು.

“ಏ, ಇಕಿಗೆ ಕೇಳಾಕತ್ತಿಲ್ಲ.”

ಅವ್ವ ಎದ್ದಳು. ಹಿತ್ತಾಳೆಯ ತಾಟು ಮತ್ತು ಸವುಟು ತೆಗೆದುಕೊಂಡು ನೀಲಾಳ ಹಿಂದೆ ಒಂದು ಮೊಳದ ಅಂತರದಲ್ಲಿ ನಿಂತು ಬಾರಿಸಿದಳು. ನಾನು ಕೂತಲ್ಲೇ ಬೆಚ್ಚಿದೆ. ನೀಲಾ ಕೊರಳಿನ ರಕ್ತವನ್ನು ಲಂಗದಿಂದ ಒರೆಸಿಕೊಳ್ಳುತ್ತಿದ್ದಳು. ಅವ್ವ ಮತ್ತೆ ಬಾರಿಸಿದಳು, ಮತ್ತೆ, ಮತ್ತೆ. ಅಪ್ಪ ಅವಳ ಕೈಯಿಂದ ತಾಟು ಕಿತ್ತುಕೊಳ್ಳುವವರೆಗೆ ಬಾರಿಸುತ್ತಲೇ ಇದ್ದಳು.

ಮರುದಿನ ನಾಲ್ವರೂ ಬಾಗಲಕೋಟೆಯ ಬಸ್ಸು ಹಿಡಿದೆವು. ಕಿವಿಯ ಡಾಕ್ಟರರು ನೀಲಾಳ ತಲೆಯನ್ನು ಅತ್ತ ಇತ್ತ ಹೊರಳಿಸಿ, ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಕೀವು ಒಳಗಿಂದೊಳಗ ತಿಂದೈತ್ರಿ. ಎಡಗಿವಿ ಪೂರಾ ಹೋಗೇತಿ. ಬಲಗಿವಿಯೊಳಗ ಒಂದೀಟು ಉಳದೈತಿ. ಎರಡು ವರ್ಷ ಮೊದಲ ಕರಕೊಂಡು ಬಂದಿದ್ರ ಇಷ್ಟ ಆಗ್ತಿರಲಿಲ್ಲ.”

“ನಿನ್ನಿ ನಾ ಹೊಡದೇನ್ರಿ, ಕಿವೀ ಮ್ಯಾಲೆ.”

“ಇದು ನಿನ್ನಿದಲ್ಲ ಬಾಯಾರ, ಹಳೇದು. ನೀವು ಏನು ಕೆಲಸ ಮಾಡ್ತೀರಿ?”

“ಸಾಲ್ಯಾಗ ಒಂದನೇತ್ತಾ ಕಲಸ್ತೇನ್ರಿ.”

ಡಾಕ್ಟರರು ಅವಳನ್ನು ಒಂದು ಸಲ ನೋಡಿ ಔಷಧ ಬರೆಯತೊಡಗಿದರು. ಎರಡು ವರ್ಷ ಎಂಬ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. ಇಂದಿಗೂ ಅಲ್ಲಿಂದ ಎದ್ದಿಲ್ಲ. ನಾನು ಆ ಮೊದಲ ಸಂಜೆ ಗದ್ದ ಮುಟ್ಟಿಕೊಳ್ಳದೆ ಇದ್ದಿದ್ದರೆ ನೀಲಾ ಇನ್ನೊಂದು ತಿಂಗಳು ಏಟು ತಿನ್ನುತ್ತಿದ್ದಳು, ಆಮೇಲೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಮಕ್ಕಳಿಗೆ ಸದ್ದು ಕಲಿಸುವುದೇ ಅವ್ವನ ಕಸುಬು, ಅವಳಿಗಂತೂ ಬಂದೇ ಬರುತ್ತಿತ್ತು. ಬರದ ಹಾಗೆ ನೋಡಿಕೊಂಡವಳು ನಾನು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಅವ್ವ ಹೆಡ್ ಮಾಸ್ತರರ ಮುಂದೆ ಕೈಮುಗಿದು ಒಂದನೆಯ ಇಯತ್ತೆಯನ್ನು ಬಿಟ್ಟುಕೊಟ್ಟಳು, ನಿವೃತ್ತಿಯವರೆಗೂ ನಾಲ್ಕನೆಯದಕ್ಕೆ ಲೆಕ್ಕ ಕಲಿಸಿದಳು. ಬೆಲ್ಲ ತರುವವರು ನಿಂತರು. ನೀಲಾಳಿಗೆ ಮಾತ್ರ ಅವಳು ಮನೆಯಲ್ಲಿ ಮತ್ತೆ ಮೊದಲಿನಿಂದ ಕಲಿಸಿದಳು, ಈ ಸಲ ಬಾಯಿ ತೆರೆದಿಟ್ಟು. ನೀಲಾಳ ಕೈಯನ್ನು ತನ್ನ ಗಂಟಲ ಮೇಲೆ ಇರಿಸಿಕೊಂಡು ಬ ಹೇಳುವಳು, ಮೂಗಿನ ಮೇಲೆ ಇರಿಸಿಕೊಂಡು ಮ ಹೇಳುವಳು. ನೀಲಾ ಪೇಪರ್ ಓದುವಷ್ಟು ಕಲಿತಳು. ಅವಳನ್ನು ಶಾಲೆಯಲ್ಲಿ ಮುಂದೆ ಸಂಬಾಳಿಸುವವರಿಲ್ಲದೆ ನಾಲ್ಕನೆಯದಕ್ಕೆ ಬಿಡಿಸಿ ಮಗ್ಗಕ್ಕೆ ಕೂರಿಸಿದರು. ನಾನು ಕಾಲೇಜು ಮುಗಿಸಿ ಸರಕಾರಿ ಕಚೇರಿಯಲ್ಲಿ ನೌಕರಿ ಹಿಡಿದೆ. ಅವ್ವ ಸಾಯುವತನಕ ಬಂದವರ ಮುಂದೆ, ಹೋದವರ ಮುಂದೆ ಒಂದೇ ಮಾತು ಹೇಳಿದಳು.

“ನನ್ನ ಪಾಟಿ ಕೆಳಗ ಜಾರತಿತ್ತು. ನನ್ನ ತುಟಿ ನೋಡಿ ಹೇಳತಿತ್ತು ಕೂಸು. ಅದಕ ನನಗ ತಿಳೀಲಿಲ್ಲ. ಬಾಯಿ ಸರಿ ಮುಚ್ಚಿದ್ರ ಅಂದ ತಿಳೀತಿತ್ತು.”

ಅವ್ವನ ಪಾಟಿ ಒಂದು ದಿನವೂ ಒಂದು ಬೆರಳಿನಷ್ಟೂ ಜಾರಿರಲಿಲ್ಲ.

ಬಾಗಲಕೋಟೆಯಿಂದ ತಿರುಗಿ ಬಂದ ಸಂಜೆ ಅಪ್ಪ ಮಗ್ಗಕ್ಕೆ ಇಳಿಯಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಅವ್ವ ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈಯಲ್ಲೇ ನೀಲಾಳನ್ನು ಎದುರಿಗೆ ಕೂರಿಸಿಕೊಂಡಳು. ಇಡೀ ದಾರಿ ಅವಳು ಒಂದೇ ವಿಚಾರ ಮಾಡುತ್ತ ಬಂದಿದ್ದಳೆಂದು ಆಗ ಗೊತ್ತಾಯಿತು. ನಾನು ನನ್ನ ಜಾಗದಲ್ಲಿದ್ದೆ, ಅವಳ ಹಿಂದೆ, ಬಾಗಿಲ ಹತ್ತಿರ.

“ನೀಲಾ, ನನ್ನ ಬಾಯಿ ನೋಡು. ನಾ ಪಾಟಿ ಹಿಡಕೊಂಡು ಕೇಳಿದಾಗ ನಿನಗ ಹೆಂಗ ಗೊತ್ತಾಗ್ತಿತ್ತು? ಯಾರರ ತೋರಸ್ತಿದ್ರೇನ?”

ನೀಲಾ ಅವ್ವನ ಹೆಗಲ ಮೇಲಿನಿಂದ ನನ್ನತ್ತ ನೋಡಿದಳು. ಹಿಂದಿನ ಸಂಜೆ ನಾನು ತಲೆ ಎತ್ತದೆ ಕೂತದ್ದನ್ನು ಅವಳು ಮರೆತಿರಲಿಲ್ಲ, ಕಣ್ಣಲ್ಲಿ ಹೆದರಿಕೆ ಇತ್ತು. ಈ ಸಲ ನಾನು ಅವಳನ್ನು ನೆಟ್ಟಗೆ ನೋಡಿದೆ. ಅಡ್ಡಡ್ಡ ತಲೆಯಾಡಿಸಿದೆ.

“ಯಾರೂ ಇಲ್ಲ.”

“ಮತ್ತ ಹೆಂಗವಾ?”

ಮತ್ತೆ ನನ್ನತ್ತ ನೋಡಿದಳು. ನಾನು ಅಂಗೈಯನ್ನು ಪಾಟಿಯ ಹಾಗೆ ಬಾಯಿಗೆ ಅಡ್ಡ ಹಿಡಿದೆ. ಮೆಲ್ಲಗೆ ಗದ್ದದವರೆಗೆ ಇಳಿಸಿ, ತುಟಿ ಮುಟ್ಟಿ ತೋರಿಸಿದೆ. ಎರಡು ವರ್ಷ ನಾನು ತೋರಿಸಿದ್ದೆಲ್ಲವನ್ನೂ ಅವಳು ಸರಿಯಾಗಿಯೇ ಹೇಳಿದ್ದಳು, ಇದನ್ನೂ ಸರಿಯಾಗಿ ಹೇಳಿದಳು.

“ನಿನ್ನ ಪಾಟಿ ಕೆಳಗ ಜಾರತಿತ್ತವ್ವಾ. ಬಾಯಿ ಕಾಣತಿತ್ತು.”

ಅವ್ವ ಪಾಟಿ ಹಿಡಿಯುತ್ತಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಹಿಟ್ಟು ಹತ್ತಿದ ಬೆರಳಿನಿಂದ ನೀಲಾಳ ಕೆನ್ನೆ ಸವರಿದಳು.

“ಹಂಗಾರ ನಂದ ತಪ್ಪವಾ.”

ಆ ದಿನ ಒಂದು ಅಕ್ಷರವನ್ನೂ ಕೇಳದೆ ಅವ್ವ ನಮಗೆ ತಾಟು ಹಾಕಿದಳು. ತಾನು ಉಣ್ಣಲಿಲ್ಲ. ನೀಲಾ ಒಂದು ರೊಟ್ಟಿಯನ್ನು ಮುರಿದು ಮುರಿದು ಅಲ್ಲೇ ಬಿಟ್ಟಳು. ಮುಂಜಾನೆಯಿಂದ ಬಸ್ಸಿನಲ್ಲಿ ಕೂತು ನನಗೆ ಹಸಿವಾಗಿತ್ತು. ಎರಡು ರೊಟ್ಟಿ ಉಂಡೆ, ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ.